ವೆಬ್‌ಸೈಟ್‌ಗೆ ಕೀವರ್ಡ್ ಆಯ್ಕೆ: ತುಮಕೂರು ಜಿಲ್ಲೆಯ ಸಣ್ಣ ವ್ಯಾಪಾರಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರು, ತಿಪಟೂರು, ಗುಬ್ಬಿ ಕಡೆಯ ಗಾಣದವರು, ನರ್ಸರಿಯವರು, ಹೋಂಸ್ಟೇ ನಡೆಸುವವರು ವೆಬ್‌ಸೈಟ್ ಮಾಡಿಸಿದ ಮೇಲೆ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಸೈಟ್ ನೋಡಲು ಚೆನ್ನಾಗಿದೆ, ಆದರೆ ಹುಡುಕಿದರೆ ಯಾರಿಗೂ ಸಿಗುತ್ತಿಲ್ಲ ಎಂಬುದು ಎಲ್ಲರ ದೂರು. ಉತ್ತರಗಳನ್ನು ಗೂಗಲ್ ಅನ್ನು ಗಮನದಲ್ಲಿಟ್ಟುಕೊಂಡೇ ಬರೆಯಲಾಗಿದೆ. ನಮ್ಮ ಕಡೆ ಹುಡುಕುವುದು ಎಂದರೆ ಬಹುಮಟ್ಟಿಗೆ ಅದೇ.

ಕೀವರ್ಡ್ ಎಂದರೆ ನಿಜಕ್ಕೂ ಏನು?

ಗಿರಾಕಿ ಹುಡುಕುವ ಪೆಟ್ಟಿಗೆಯಲ್ಲಿ ಟೈಪ್ ಮಾಡುವ ಅಥವಾ ಮೈಕ್ ಒತ್ತಿ ಹೇಳುವ ಮಾತು. ಅದು ಒಂದೇ ಪದವಾಗಿರಬೇಕಿಲ್ಲ. ಐದಾರು ಪದಗಳ ಪೂರ್ತಿ ಪ್ರಶ್ನೆಯೂ ಆಗಬಹುದು. ಅಂಗಡಿಯ ಬೋರ್ಡಿನ ಮೇಲೆ ‘ಪರಿಶುದ್ಧ ನಾರಿಕೇಳ ತೈಲ ಉತ್ಪಾದಕರು ಮತ್ತು ವಿತರಕರು’ ಎಂದು ಬರೆಸಿದರೆ ಗಾಂಭೀರ್ಯ ಬರುತ್ತದೆ, ಸರಿ. ಮೊಬೈಲ್ ಹಿಡಿದವರು ಕೇಳುವುದು ‘ಗಾಣದ ಕೊಬ್ಬರಿ ಎಣ್ಣೆ’. ವೆಬ್‌ಸೈಟ್ ಬರೆಸುವಾಗ ಬೋರ್ಡಿನ ಭಾಷೆಯನ್ನೇ ಎತ್ತಿ ಇಟ್ಟರೆ ಹುಡುಕುವವರ ಮಾತು ಪುಟದಲ್ಲಿ ಎಲ್ಲಿಯೂ ಇರುವುದಿಲ್ಲ. ಕೆಳಗಿನ ಉತ್ತರಗಳಲ್ಲಿ ಅರ್ಧದಷ್ಟು ಈ ಒಂದು ತೊಂದರೆಯ ಸುತ್ತಲೇ ಇವೆ.

ಸರಿ, ಆ ಮಾತುಗಳನ್ನು ಎಲ್ಲಿಂದ ಹುಡುಕಿ ತರಲಿ?

ಮೊದಲು ನಿಮ್ಮ ಫೋನಿನಿಂದ. ಯಾವ ದುಬಾರಿ ಉಪಕರಣಕ್ಕಿಂತಲೂ ನಿಮ್ಮ ವಾಟ್ಸ್‌ಆ್ಯಪ್ ಒಳ್ಳೆಯ ಗಣಿ. ಗಾಣ ನಡೆಸುವವರ ವಾಟ್ಸ್‌ಆ್ಯಪ್ ತೆರೆದರೆ ಇಂಥ ಸಾಲುಗಳು ಸಿಗುತ್ತವೆ: ‘ಮರದ ಗಾಣವೋ ಕಬ್ಬಿಣದ್ದೋ?’, ‘ಅಡುಗೆಗೆ ಬಳಸಬಹುದೇ, ತಲೆಗೆ ಮಾತ್ರವೇ?’, ‘ಐದು ಲೀಟರ್ ಕ್ಯಾನ್‌ಗೆ ಎಷ್ಟು?’, ‘ಎಷ್ಟು ತಿಂಗಳು ಕೆಡುವುದಿಲ್ಲ?’, ‘ಬೆಂಗಳೂರಿಗೆ ಕೊರಿಯರ್ ಇದೆಯೇ?’, ‘ನಮ್ಮದೇ ಕೊಬ್ಬರಿ ತಂದರೆ ಆಡಿಸಿಕೊಡುತ್ತೀರಾ?’. ಇವುಗಳನ್ನು ಗಿರಾಕಿ ಬರೆದ ಹಾಗೆಯೇ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ನಿಮ್ಮ ಭಾಷೆಗೆ ತಿದ್ದಬೇಡಿ. ಕೊನೆಯ ಪ್ರಶ್ನೆಯನ್ನೇ ನೋಡಿ. ಸ್ವಂತ ಕೊಬ್ಬರಿ ಆಡಿಸಿಕೊಡುವ ಕೆಲಸ ಎಷ್ಟೋ ಗಾಣಗಳಲ್ಲಿ ನಡೆಯುತ್ತದೆ, ಆದರೆ ವೆಬ್‌ಸೈಟಿನಲ್ಲಿ ಅದರ ಸುದ್ದಿಯೇ ಇರುವುದಿಲ್ಲ. ಅದಕ್ಕೊಂದು ಪುಟ ಮಾಡಿದರೆ ಪೈಪೋಟಿಗೆ ಬರುವವರು ಬೆರಳೆಣಿಕೆಯಷ್ಟು ಜನ.

ಎರಡನೆಯದು ಗೂಗಲ್‌ನ ಪೆಟ್ಟಿಗೆ. ‘ಗಾಣದ ಎಣ್ಣೆ’ ಎಂದು ಟೈಪ್ ಮಾಡಿ ಎಂಟರ್ ಒತ್ತದೆ ನಿಲ್ಲಿಸಿ; ಕೆಳಗೆ ಇಳಿಯುವ ಪಟ್ಟಿ ಜನ ನಿಜವಾಗಿ ಹುಡುಕಿದ ಮಾತುಗಳಿಂದ ಬಂದದ್ದು. ಫಲಿತಾಂಶದ ಪುಟದ ನಡುವೆ ‘ಜನರು ಇದನ್ನೂ ಕೇಳುತ್ತಾರೆ’ ಎಂಬ ಬಗೆಯ ಪ್ರಶ್ನೆಗಳೂ, ಅಡಿಯಲ್ಲಿ ಸಂಬಂಧಿತ ಹುಡುಕಾಟಗಳೂ ಸಿಗುತ್ತವೆ. ನಿಮ್ಮ ಹಳೆಯ ಹುಡುಕಾಟದ ಪ್ರಭಾವ ಬೀಳದಂತೆ ಬ್ರೌಸರ್‌ನ ಖಾಸಗಿ ಕಿಟಕಿಯಾದ ಇನ್‌ಕಾಗ್ನಿಟೋದಲ್ಲಿ ನೋಡಿ. ಆಗಲೂ ನೀವು ಇರುವ ಊರಿನ ಪ್ರಭಾವ ಉಳಿಯುತ್ತದೆ ಎಂಬುದು ನೆನಪಿರಲಿ.

ಮೂರನೆಯದು ಸರ್ಚ್ ಕನ್ಸೋಲ್, ನಿಮ್ಮ ಸೈಟ್ ಯಾವ ಹುಡುಕಾಟಕ್ಕೆ ಕಾಣಿಸಿತು ಎಂದು ತೋರಿಸುವ ಗೂಗಲ್‌ನ ಉಚಿತ ಉಪಕರಣ. ಅದಕ್ಕೆ ಕೆಳಗೆ ಬೇರೆಯೇ ಉತ್ತರವಿದೆ.

‘ಕೊಬ್ಬರಿ ಎಣ್ಣೆ’ ಎಂಬ ಮಾತಿಗೇ ಮೊದಲ ಪುಟದಲ್ಲಿ ಬರಬೇಕು. ಆಗುತ್ತದೆಯೇ?

ಆಗುವುದಿಲ್ಲ ಎಂದೇ ತಿಳಿಯಿರಿ. ಆ ಮಾತಿಗೆ ದೊಡ್ಡ ಬ್ರ್ಯಾಂಡ್‌ಗಳು, ಅಮೆಜಾನ್‌ನಂಥ ಮಳಿಗೆಗಳು, ಆರೋಗ್ಯದ ಲೇಖನಗಳು, ವಿಕಿಪೀಡಿಯ ಎಲ್ಲವೂ ಸಾಲುಗಟ್ಟಿ ನಿಂತಿವೆ. ಅದನ್ನು ಹುಡುಕುವವನಿಗೆ ಏನು ಬೇಕು ಎಂಬುದೂ ತಿಳಿಯದು. ಕೂದಲಿಗೋ, ಅಡುಗೆಗೋ, ಶಾಲೆಯ ಪ್ರಬಂಧಕ್ಕೋ. ‘ತಿಪಟೂರು ಮರದ ಗಾಣದ ಕೊಬ್ಬರಿ ಎಣ್ಣೆ 5 ಲೀಟರ್’ ಎಂದು ಹುಡುಕುವವನ ಕೈ ಆಗಲೇ ಜೇಬಿನ ಮೇಲಿದೆ. ಇಂಥ ಉದ್ದನೆಯ ಮಾತುಗಳನ್ನು ಹುಡುಕುವವರು ಕಡಿಮೆ, ಕೊಳ್ಳುವವರು ಅವರಲ್ಲೇ ಹೆಚ್ಚು. ದಿನವೂ ತನಗೆ ಬರುವ ಹುಡುಕಾಟಗಳಲ್ಲಿ ಸುಮಾರು ಶೇ. 15ರಷ್ಟು ಹಿಂದೆಂದೂ ಕಾಣದವು ಎಂದು ಗೂಗಲ್ ಹೇಳುತ್ತಾ ಬಂದಿದೆ. ಹಾಗಾಗಿ ಸಣ್ಣವರಿಗೆ ಜಾಗ ಮುಗಿದುಹೋಗಿದೆ ಎಂಬ ಮಾತಿಗೆ ಹುರುಳಿಲ್ಲ.

ಜನ ಹೆಚ್ಚು ಹುಡುಕುವ ಕೀವರ್ಡ್‌ ಅನ್ನೇ ಆರಿಸಿದರೆ ತಪ್ಪೇನು?

ತಿಪಟೂರಿನದೇ ಉದಾಹರಣೆ ಸಾಕು. ಅಲ್ಲಿನ ಎಪಿಎಂಸಿ ಕೊಬ್ಬರಿ ಮಾರುಕಟ್ಟೆ ಹೆಸರುವಾಸಿ. ಹರಾಜಿನ ದಿನ ‘ತಿಪಟೂರು ಕೊಬ್ಬರಿ ಬೆಲೆ ಇಂದು’ ಎಂಬ ಹುಡುಕಾಟ ಏರುವುದು ಸಹಜ. ಎಣ್ಣೆ ಮಾರುವವರಿಗೆ ಈ ಮಾತು ಆಸೆ ಹುಟ್ಟಿಸುತ್ತದೆ, ಪುಟದಲ್ಲಿ ತುರುಕುತ್ತಾರೆ. ಆದರೆ ಅದನ್ನು ಹುಡುಕುವವರು ಯಾರು? ಅಟ್ಟದ ಮೇಲೆ ಉಂಡೆ ಕೊಬ್ಬರಿ ಇಟ್ಟುಕೊಂಡು ಕ್ವಿಂಟಲ್‌ಗೆ ಎಷ್ಟಾಯಿತು ಎಂದು ಕಾಯುತ್ತಿರುವ ಬೆಳೆಗಾರರು, ವರ್ತಕರು. ಅವರಿಗೆ ಮಾರಬೇಕಿದೆ, ಕೊಳ್ಳಬೇಕಿಲ್ಲ. ಅವರು ನಿಮ್ಮ ಪುಟಕ್ಕೆ ಬಂದು, ಬೆಲೆ ಕಾಣದೆ, ಬಂದ ದಾರಿಯಲ್ಲೇ ಹಿಂದಿರುಗುತ್ತಾರೆ. ಅದೇ ಕೊಬ್ಬರಿ ಖರೀದಿಸುವ ವರ್ತಕರ ವೆಬ್‌ಸೈಟ್‌ಗಾದರೆ ಆ ಮಾತು ಚಿನ್ನ. ಪ್ರತಿ ಹರಾಜಿನ ನಂತರ ಬೆಲೆಯನ್ನು ತಪ್ಪದೆ ಹಾಕುವ ಶಿಸ್ತು ಇದ್ದರೆ ಮಾತ್ರ. ಹಳೆಯ ಬೆಲೆ ಇಟ್ಟುಕೊಂಡು ‘ಇಂದು’ ಎಂದು ಬರೆದ ಪುಟವನ್ನು ಬೆಳೆಗಾರ ಎರಡನೆಯ ಸಲ ತೆರೆಯುವುದಿಲ್ಲ.

ಆದ್ದರಿಂದ ಪ್ರತಿ ಮಾತಿನ ಎದುರು ಒಂದು ಸಣ್ಣ ಟಿಪ್ಪಣಿ ಬರೆಯಿರಿ: ಹುಡುಕುವವನಿಗೆ ತಿಳಿದುಕೊಳ್ಳಬೇಕಿದೆಯೋ, ಕೊಳ್ಳಬೇಕಿದೆಯೋ, ಒಂದು ಜಾಗಕ್ಕೆ ಹೋಗಬೇಕಿದೆಯೋ. ಅನುಮಾನವಿದ್ದರೆ ಆ ಮಾತನ್ನು ನೀವೇ ಹುಡುಕಿ, ಮೊದಲ ಹತ್ತು ಫಲಿತಾಂಶ ನೋಡಿ. ಎಲ್ಲವೂ ಬೆಲೆ ಪಟ್ಟಿಗಳಾಗಿದ್ದರೆ ನಿಮ್ಮ ಮಾರಾಟದ ಪುಟಕ್ಕೆ ಅಲ್ಲಿ ಜಾಗವಿಲ್ಲ.

ಕೀವರ್ಡ್ ಕನ್ನಡದಲ್ಲಿರಬೇಕೋ ಇಂಗ್ಲಿಷಿನಲ್ಲೋ?

ಗಿರಾಕಿ ಯಾರು ಎಂಬುದರ ಮೇಲೆ. ದೇವರಾಯನದುರ್ಗದ ಬಳಿ ಹೋಂಸ್ಟೇ ಇದ್ದರೆ ನಿಮ್ಮ ಅತಿಥಿಗಳು ಬಹುತೇಕ ಬೆಂಗಳೂರಿನವರು, ಅವರಲ್ಲಿ ಕನ್ನಡ ಬಾರದವರೂ ಇದ್ದಾರೆ. ಅವರು ಇಂಗ್ಲಿಷಿನಲ್ಲೇ ‘ಬೆಂಗಳೂರಿನಿಂದ ಒಂದು ದಿನದ ಪ್ರವಾಸ’, ‘ನಾಮದ ಚಿಲುಮೆ ಹತ್ತಿರ ತಂಗಲು ಜಾಗ’ ಎಂಬ ಅರ್ಥದ ಮಾತುಗಳನ್ನು ಬರೆಯುತ್ತಾರೆ. ಅಲ್ಲಿ ‘ಪ್ರಕೃತಿಯ ಮಡಿಲಲ್ಲಿ ಮನಸ್ಸಿಗೆ ಮುದ’ ಎಂದು ಯಾವ ಭಾಷೆಯಲ್ಲಿ ಬರೆದರೂ ವ್ಯರ್ಥ. ಆ ಮಾತನ್ನು ಯಾರೂ ಹುಡುಕುವುದಿಲ್ಲ.

ಸಸಿ, ಗೊಬ್ಬರ, ಹನಿ ನೀರಾವರಿ, ಬೋರ್‌ವೆಲ್ ಪಂಪು ಮಾರುವವರ ಕಥೆ ಬೇರೆ. ಗೂಗಲ್‌ನ ಧ್ವನಿ ಟೈಪಿಂಗ್‌ಗೆ 2017ರಲ್ಲಿ ಕನ್ನಡ ಸೇರಿತು. ಕೀಲಿಮಣೆಯಲ್ಲಿ ಒತ್ತಕ್ಷರ ಹುಡುಕುತ್ತಾ ಕೂರಲು ಇಷ್ಟವಿಲ್ಲದವರಿಗೆ ಇದರಿಂದ ದಾರಿ ಸಲೀಸಾಯಿತು. ಬಾಯಲ್ಲಿ ಹೇಳುವ ಹುಡುಕಾಟ ಪೂರ್ತಿ ಪ್ರಶ್ನೆಯ ರೂಪದಲ್ಲಿರುತ್ತದೆ: ‘ತೆಂಗಿನ ಗಿಡಕ್ಕೆ ಯಾವ ಗೊಬ್ಬರ ಹಾಕಬೇಕು’. ಇಂಥ ಪ್ರಶ್ನೆಯನ್ನೇ ಉಪಶೀರ್ಷಿಕೆ ಮಾಡಿ ಕೆಳಗೆ ನೇರ ಉತ್ತರ ಬರೆದರೆ ಕೆಲಸ ಸಾಗುತ್ತದೆ.

ಮೂರನೆಯ ಬಗೆಯೂ ಇದೆ: ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ. ‘ಗಾಣದ ಎಣ್ಣೆ’ಯನ್ನು ಆ ಅಕ್ಷರಗಳಲ್ಲಿ ಒಬ್ಬೊಬ್ಬರು ಒಂದೊಂದು ರೀತಿ ಬರೆಯುತ್ತಾರೆ. ಅಷ್ಟೂ ಕಾಗುಣಿತಗಳನ್ನು ಪುಟದಲ್ಲಿ ಸುರಿಯಬೇಡಿ. ಇಂಗ್ಲಿಷ್ ಪುಟದ ಶೀರ್ಷಿಕೆಯಲ್ಲೋ ಮೊದಲ ಸಾಲಿನಲ್ಲೋ ಹೆಚ್ಚು ಬಳಕೆಯ ರೂಪವೊಂದನ್ನು ಇಟ್ಟರೆ ಸಾಕು.

ಎರಡೂ ಭಾಷೆಯ ಗಿರಾಕಿಗಳಿದ್ದರೆ ಎರಡು ಪುಟ ಮಾಡಿ. ಒಂದೇ ಪುಟದಲ್ಲಿ ಒಂದು ಸಾಲು ಕನ್ನಡ, ಒಂದು ಸಾಲು ಇಂಗ್ಲಿಷ್ ಹಾಕಿದರೆ ಓದುವವರಿಗೂ ಕಿರಿಕಿರಿ. ಯಾವ ಪುಟ ಯಾವ ಭಾಷೆಯದು ಎಂದು ಗೂಗಲ್‌ಗೆ ತಿಳಿಸುವ ‘ಎಚ್‌ರೆಫ್‌ಲ್ಯಾಂಗ್’ ಗುರುತು ಹಾಕುವಂತೆ ವೆಬ್‌ಸೈಟ್ ಮಾಡುವವರಿಗೆ ಹೇಳಿ.

ಊರಿನ ಹೆಸರನ್ನು ಹೇಗೆ ಬರೆಯಲಿ?

2014ರ ನವೆಂಬರ್ 1ರಂದು ರಾಜ್ಯದ ಹನ್ನೆರಡು ಊರುಗಳ ಇಂಗ್ಲಿಷ್ ಹೆಸರು ಬದಲಾದಾಗ ತುಮಕೂರಿನದೂ ಬದಲಾಯಿತು. ಕಾಗದಪತ್ರಗಳಲ್ಲಿ ಹೊಸ ಕಾಗುಣಿತ ನಿಂತಿದೆ, ಬೆರಳಿಗೆ ಹಳೆಯದೇ ರೂಢಿ ಇರುವವರೂ ಬಹಳ. ಗೂಗಲ್‌ಗೆ ಎರಡೂ ಒಂದೇ ಊರು ಎಂದು ಗೊತ್ತು. ಶೀರ್ಷಿಕೆಯಲ್ಲಿ ಹೊಸದನ್ನು ಇಟ್ಟು, ವಿಳಾಸದ ಸಾಲಿನಲ್ಲೋ ದಾರಿ ಹೇಳುವ ವಾಕ್ಯದಲ್ಲೋ ಹಳೆಯದನ್ನು ಒಮ್ಮೆ ಬರೆದರೆ ಮುಗಿಯಿತು.

ಜನರ ಬಾಯಲ್ಲಿರುವ ಸಣ್ಣ ಹೆಸರುಗಳನ್ನು ಮರೆಯಬೇಡಿ. ಚಿಕ್ಕನಾಯಕನಹಳ್ಳಿಯನ್ನು ಪೂರ್ತಿ ಟೈಪ್ ಮಾಡುವ ತಾಳ್ಮೆ ಎಷ್ಟು ಜನಕ್ಕಿದೆ? ಸಿ.ಎನ್. ಹಳ್ಳಿ, ಚಿ.ನಾ. ಹಳ್ಳಿ ಎಂಬ ರೂಪಗಳೂ ಪುಟದಲ್ಲಿ ಒಂದೊಂದು ಕಡೆ ಇರಲಿ.

ಹತ್ತು ತಾಲ್ಲೂಕಿಗೂ ಹತ್ತು ಪುಟ ಮಾಡಿಬಿಟ್ಟರೆ?

ಗುಬ್ಬಿ ತೆಗೆದು ಕುಣಿಗಲ್, ಕುಣಿಗಲ್ ತೆಗೆದು ಶಿರಾ, ಉಳಿದದ್ದೆಲ್ಲ ಅದೇ. ಇದನ್ನು ಮಾಡಿಕೊಡುವವರು ಊರಿಗೊಬ್ಬರಿದ್ದಾರೆ. ಹುಡುಕುವವರನ್ನು ಸೆಳೆಯಲೆಂದೇ ಒಂದೇ ಹುರುಳಿನ ಪುಟಗಳನ್ನು ಸಾಲಾಗಿ ಮಾಡುವುದು ಗೂಗಲ್‌ನ ಸ್ಪ್ಯಾಮ್ ನಿಯಮಗಳಿಗೆ ವಿರುದ್ಧ. ಪಾವಗಡದಲ್ಲಿ ನಿಮಗೆ ನಿಜವಾಗಿಯೂ ಬೇರೆ ಶಾಖೆ, ಬೇರೆ ದರ, ಬೇರೆ ಫೋಟೊ, ಬೇರೆ ಫೋನ್ ನಂಬರ್ ಇದ್ದರೆ ಪಾವಗಡಕ್ಕೆ ಬೇರೆ ಪುಟ ನ್ಯಾಯ. ಇಲ್ಲದಿದ್ದರೆ ‘ನಾವು ಈ ತಾಲ್ಲೂಕುಗಳಿಗೆ ತಲುಪಿಸುತ್ತೇವೆ’ ಎಂಬ ಒಂದು ಪ್ಯಾರಾ ಸಾಕು.

ನಮ್ಮ ಪುಟದಲ್ಲಿ ಕನ್ನಡ ಚೆನ್ನಾಗಿಯೇ ಕಾಣುತ್ತದೆ. ಆದರೂ ಕನ್ನಡದಲ್ಲಿ ಹುಡುಕಿದರೆ ಸಿಗುವುದಿಲ್ಲ, ಏಕೆ?

ಬಹುಶಃ ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪ್ ಮಾಡಿಸಿದ್ದೀರಿ. ಕೀವರ್ಡ್‌ನ ಎಲ್ಲ ಚರ್ಚೆಗಿಂತ ಮೊದಲು ಇದನ್ನು ಪರೀಕ್ಷಿಸಿಕೊಳ್ಳಬೇಕು. ಡಿಟಿಪಿ ಅಂಗಡಿಯಲ್ಲಿ ಮಾಡಿಸಿದ ಕರಪತ್ರದ ಫೈಲನ್ನೇ ವೆಬ್‌ಸೈಟಿಗೆ ಹಾಕಿದಾಗ ಹೀಗಾಗುತ್ತದೆ. ಯೂನಿಕೋಡ್ (ಎಲ್ಲ ಭಾಷೆಯ ಅಕ್ಷರಗಳಿಗೂ ಎಲ್ಲೆಡೆ ಒಂದೇ ಸಂಕೇತ ಕೊಡುವ ಪದ್ಧತಿ) ಅಲ್ಲದ ಆ ಫಾಂಟುಗಳಲ್ಲಿ ಒಳಗೆ ಉಳಿಯುವುದು ಇಂಗ್ಲಿಷ್ ಅಕ್ಷರಗಳ, ಚಿಹ್ನೆಗಳ ಸಂಕೇತ. ಫಾಂಟು ಅದಕ್ಕೆ ಕನ್ನಡದ ವೇಷ ತೊಡಿಸಿ ತೋರಿಸುತ್ತದೆ. ಗೂಗಲ್ ಓದುವುದು ಒಳಗಿರುವುದನ್ನು. ಅದರ ಲೆಕ್ಕಕ್ಕೆ ನಿಮ್ಮ ಪುಟದಲ್ಲಿ ಒಂದೇ ಒಂದು ಕನ್ನಡ ಪದವಿಲ್ಲ.

ಪರೀಕ್ಷೆ ಸುಲಭ. ಪುಟದಿಂದ ಒಂದು ಸಾಲನ್ನು ಕಾಪಿ ಮಾಡಿ ವಾಟ್ಸ್‌ಆ್ಯಪ್‌ನಲ್ಲಿ ಪೇಸ್ಟ್ ಮಾಡಿ. ಕನ್ನಡವಾಗಿಯೇ ಬಂದರೆ ಸರಿ. ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಗೋಜಲು ಬಂದರೆ ಎಲ್ಲವನ್ನೂ ಯೂನಿಕೋಡ್‌ಗೆ ಬದಲಾಯಿಸಬೇಕು. ಬದಲಾಯಿಸುವ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ, ಈಗಿನ ನುಡಿ ಮತ್ತು ಬರಹದಲ್ಲೂ ಯೂನಿಕೋಡ್ ಆಯ್ಕೆ ಇದೆ. ಬದಲಾಯಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರಗಳನ್ನು ಕಣ್ಣಿಟ್ಟು ಓದಿ. ತಪ್ಪುಗಳು ಹೆಚ್ಚಾಗಿ ಅಲ್ಲಿಯೇ ಅಡಗಿರುತ್ತವೆ. ಸಾಲು ಕಾಪಿಯೇ ಆಗದಿದ್ದರೆ ಅದು ಚಿತ್ರ. ಬಣ್ಣಬಣ್ಣದ ಪೋಸ್ಟರಿನೊಳಗೆ ಬರೆದ ಬೆಲೆ, ವಿಳಾಸ, ಹೆಸರುಗಳನ್ನು ಪಠ್ಯವಾಗಿಯೂ ಕೆಳಗೆ ಬರೆಯಿರಿ.

ತುಮಕೂರು, ತುಮಕೂರಿನ, ತುಮಕೂರಿನಲ್ಲಿ: ಎಲ್ಲ ರೂಪಗಳನ್ನೂ ಬರೆಯಬೇಕೇ?

ಬೇಕಿಲ್ಲ. ಕನ್ನಡದಲ್ಲಿ ನಾಲ್ಕು ವಾಕ್ಯ ಸರಿಯಾಗಿ ಬರೆದರೆ ವಿಭಕ್ತಿಗಳು ತಾವಾಗಿಯೇ ಬರುತ್ತವೆ. ಶೀರ್ಷಿಕೆಯಲ್ಲಿ ಮಾತ್ರ ಪ್ರತ್ಯಯವಿಲ್ಲದ ರೂಪವೂ ಇರುವಂತೆ ನೋಡಿಕೊಳ್ಳಿ: ‘ಹಲಸಿನ ಸಸಿ ಮಾರಾಟ – ಗುಬ್ಬಿ, ತುಮಕೂರು’. ಪದಗಳನ್ನು ಅಂಟಿಸಿ ಬರೆಯುವ ಚಾಳಿಯನ್ನೂ ಬಿಡಿ. ‘ಹಲಸಿನಸಸಿಮಾರಾಟ’ ಎಂದು ಯಾರೂ ಹುಡುಕುವುದಿಲ್ಲ.

ಆರಿಸಿದ ಮಾತನ್ನು ಪುಟದಲ್ಲಿ ಎಲ್ಲಿ ಇಡಬೇಕು? ಎಷ್ಟು ಸಲ?

ಪುಟದ ಶೀರ್ಷಿಕೆಯಲ್ಲಿ, ಮೇಲಿನ ದೊಡ್ಡ ತಲೆಬರಹದಲ್ಲಿ, ಮೊದಲ ಪ್ಯಾರಾದಲ್ಲಿ, ಚಿತ್ರದ ವಿವರಣೆಯಲ್ಲಿ. ಪುಟದ ವಿಳಾಸದಲ್ಲೂ (ಯುಆರ್‌ಎಲ್) ಇದ್ದರೆ ಒಳ್ಳೆಯದು. ವಿಳಾಸವನ್ನು ಕನ್ನಡದಲ್ಲೇ ಇಡಬಹುದು, ಆದರೆ ಕಾಪಿ ಮಾಡಿ ಕಳುಹಿಸಿದಾಗ ಅದು ಶೇಕಡಾ ಚಿಹ್ನೆಗಳ ಉದ್ದನೆಯ ಸರವಾಗಿಬಿಡಬಹುದು. ವಾಟ್ಸ್‌ಆ್ಯಪ್‌ನಲ್ಲಿ ಅದನ್ನು ಕಂಡವರು ಒತ್ತಲು ಹೆದರುತ್ತಾರೆ. ಆ ಕಾರಣಕ್ಕೆ ವಿಳಾಸ ಮಾತ್ರ ಇಂಗ್ಲಿಷ್ ಅಕ್ಷರದಲ್ಲಿರುವುದು ಮೇಲು ಎಂದು ನನ್ನ ಅಭಿಪ್ರಾಯ.

ಎಷ್ಟು ಸಲ ಎಂಬುದಕ್ಕೆ ಲೆಕ್ಕವಿಲ್ಲ. ನೂರು ಪದಕ್ಕೆ ಇಷ್ಟು ಎಂದು ಸೂತ್ರ ಹೇಳುವವರ ಮಾತು ಕೇಳಬೇಡಿ. ‘ತುಮಕೂರಿನ ಅತ್ಯುತ್ತಮ ಗಾಣದ ಎಣ್ಣೆ ಬೇಕಿದ್ದರೆ ತುಮಕೂರಿನ ಅತ್ಯುತ್ತಮ ಗಾಣದ ಎಣ್ಣೆ ಅಂಗಡಿಯಾದ…’ ಎಂಬ ವಾಕ್ಯ ಬರೆದರೆ ಓದುವವರು ಓಡಿಹೋಗುತ್ತಾರೆ. ಹೀಗೆ ತುರುಕುವುದೂ, ಬಿಳಿಯ ಹಿನ್ನೆಲೆಯಲ್ಲಿ ಬಿಳಿಯ ಅಕ್ಷರದಲ್ಲಿ ಪದಗಳನ್ನು ಅಡಗಿಸಿಡುವುದೂ ಗೂಗಲ್‌ನ ನಿಯಮಗಳಿಗೆ ವಿರುದ್ಧ.

ಮೆಟಾ ಕೀವರ್ಡ್ ಎಂಬ ಜಾಗದಲ್ಲಿ ಐವತ್ತು ಪದ ತುಂಬಿಸಿದ್ದಾರೆ. ಉಪಯೋಗವಿದೆಯೇ?

ಇಲ್ಲ. ಪುಟದ ಕೋಡಿನೊಳಗೆ ಓದುವವರಿಗೆ ಕಾಣದಂತೆ ಇರುವ ಆ ಪದಪಟ್ಟಿಯನ್ನು ವೆಬ್ ಶ್ರೇಯಾಂಕಕ್ಕೆ, ಅಂದರೆ ಯಾವ ಪುಟ ಮೇಲೆ ಬರಬೇಕೆಂಬ ತೀರ್ಮಾನಕ್ಕೆ, ಬಳಸುವುದಿಲ್ಲ ಎಂದು ಗೂಗಲ್ 2009ರಲ್ಲೇ ಬಹಿರಂಗವಾಗಿ ಹೇಳಿದೆ. ಮೆಟಾ ವಿವರಣೆ, ಅಂದರೆ ಪುಟದಲ್ಲಿ ಏನಿದೆ ಎಂದು ಕೋಡಿನೊಳಗೆ ಬರೆಯುವ ಒಂದೆರಡು ಸಾಲು, ಬೇರೆ. ಅದು ಶ್ರೇಯಾಂಕ ಏರಿಸದಿದ್ದರೂ ಫಲಿತಾಂಶದ ಕೆಳಗೆ ಕಾಣಿಸಿಕೊಂಡು ಒತ್ತುವ ಮನಸ್ಸು ಹುಟ್ಟಿಸಬಲ್ಲದು.

ಕೀವರ್ಡ್ ಪ್ಲ್ಯಾನರ್‌ನಲ್ಲಿ ನಮ್ಮ ಮಾತುಗಳಿಗೆ ಅಂಕಿಯೇ ಬರುವುದಿಲ್ಲ. ಬಿಟ್ಟುಬಿಡಲೇ?

ಬಿಡಬೇಡಿ. ಒಂದು ಮಾತನ್ನು ತಿಂಗಳಿಗೆ ಎಷ್ಟು ಸಲ ಹುಡುಕುತ್ತಾರೆ ಎಂದು ತೋರಿಸುವ ಗೂಗಲ್‌ನ ಆ ಉಪಕರಣ ಜಾಹೀರಾತು ಕೊಡುವವರಿಗಾಗಿ ಇರುವುದು. ಗೂಗಲ್ ಆ್ಯಡ್ಸ್ ಖಾತೆ ಬೇಕು, ಹಣ ಖರ್ಚು ಮಾಡದವರಿಗೆ ನಿಖರ ಸಂಖ್ಯೆಯ ಬದಲು ಅಂದಾಜಿನ ವ್ಯಾಪ್ತಿ ತೋರಿಸುತ್ತದೆ. ಕನ್ನಡದ, ಅದರಲ್ಲೂ ತಾಲ್ಲೂಕು ಮಟ್ಟದ ಮಾತುಗಳಿಗೆ ಅಲ್ಲಿ ಏನೂ ಕಾಣದಿರುವುದು ಸಾಮಾನ್ಯ. ತಿಂಗಳಿಗೆ ಹತ್ತೇ ಜನ ಹುಡುಕಲಿ, ಅವರಲ್ಲಿ ಇಬ್ಬರು ಐನೂರು ಅಡಿಕೆ ಸಸಿ ಕೊಂಡರೆ ನರ್ಸರಿಯವರಿಗೆ ನಷ್ಟವೇನು?

ಒಂದು ಮಾತಿನ ಹುಡುಕಾಟ ಕಾಲಕಾಲಕ್ಕೆ ಏರಿಳಿಯುವುದನ್ನು ತೋರಿಸುವ ಗೂಗಲ್ ಟ್ರೆಂಡ್ಸ್‌ನ 0ರಿಂದ 100ರ ಗೆರೆಯನ್ನು ಜನರ ಸಂಖ್ಯೆ ಎಂದು ಓದಬೇಡಿ. ಆರಿಸಿದ ಅವಧಿಯಲ್ಲಿ ಹುಡುಕಾಟ ತುತ್ತತುದಿಗೆ ಏರಿದ ಹೊತ್ತು 100, ಉಳಿದದ್ದು ಅದಕ್ಕೆ ಹೋಲಿಸಿದ ಅಳತೆ.

ಕಾಲಕ್ಕೆ ತಕ್ಕಂತೆ ಕೀವರ್ಡ್ ಬದಲಾಯಿಸಬೇಕೇ?

ಬದಲಾಯಿಸುವುದಕ್ಕಿಂತ ಮೊದಲೇ ಸಿದ್ಧವಾಗಿರಬೇಕು. ಮಳೆ ಬಿದ್ದ ಮೇಲೆ ಸಸಿ ನೆಡುವವರು ಮುಂಗಾರಿಗೆ ಮುಂಚೆಯೇ ವಿಚಾರಿಸತೊಡಗುತ್ತಾರೆ. ಜೂನ್‌ನಲ್ಲಿ ಪುಟ ಹಾಕಿದರೆ ಗೂಗಲ್ ಅದನ್ನು ಕಂಡು, ತೂಗಿ, ಮೇಲೆ ತರುವಷ್ಟರಲ್ಲಿ ಹಂಗಾಮು ಕಳೆದಿರುತ್ತದೆ. ಜನವರಿ, ಫೆಬ್ರುವರಿಯಲ್ಲೇ ಹಾಕಿ. ಪ್ರತಿ ವರ್ಷ ಹೊಸ ಪುಟ ಬೇಡ, ಅದೇ ವಿಳಾಸದ ಪುಟದಲ್ಲಿ ದರ ಮತ್ತು ಲಭ್ಯತೆ ತಿದ್ದಿ.

ಇಲ್ಲಿ ಒಂದು ಎಚ್ಚರಿಕೆ. ಗುಬ್ಬಿ ತಾಲ್ಲೂಕಿನ ಚೇಳೂರಿನ ಮರವೊಂದನ್ನು ಹಿರೇಹಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರದ ವಿಜ್ಞಾನಿಗಳು ಗುರುತಿಸಿದ ಮೇಲೆ ‘ಸಿದ್ದು ಹಲಸು’ ಎಂಬ ಹೆಸರು ದೂರದೂರಕ್ಕೆ ಹೋಯಿತು. ಕೆಂಪು ತೊಳೆಯ ಹಣ್ಣು ಎಂದರೆ ಸಾಕು, ಜನ ಆ ಹೆಸರನ್ನೇ ಹುಡುಕುತ್ತಾರೆ. ನಿಮ್ಮಲ್ಲಿರುವುದು ಬೇರೆ ಕೆಂಪು ಹಲಸಿನ ಸಸಿಯಾದರೆ ಆ ಹೆಸರನ್ನು ಶೀರ್ಷಿಕೆಯಲ್ಲಿ ಹಾಕಬೇಡಿ. ಹಲಸಿನ ಗಿಡ ಫಲ ಕೊಡಲು ವರ್ಷಗಳು ಬೇಕು. ಆಗ ಮೋಸ ತಿಳಿದ ರೈತನಿಗೆ ನಿಮ್ಮ ಹೆಸರು ಖಂಡಿತ ನೆನಪಿರುತ್ತದೆ. ‘ಕೆಂಪು ತೊಳೆಯ ಹಲಸಿನ ಸಸಿ’ ಎಂದೇ ಬರೆಯಿರಿ, ಅದನ್ನು ಹುಡುಕುವವರೂ ಇದ್ದಾರೆ.

‘ನನ್ನ ಹತ್ತಿರ’ ಎಂದು ಹುಡುಕುವವರಿಗೆ ಸಿಗಲು ಏನು ಬರೆಯಬೇಕು?

ಪುಟದಲ್ಲಿ ‘ನನ್ನ ಹತ್ತಿರ’ ಎಂದು ಬರೆದುಕೊಂಡರೆ ಪ್ರಯೋಜನವಿಲ್ಲ. ಇಂಥ ಹುಡುಕಾಟಕ್ಕೆ ಮೊದಲು ಕಾಣುವುದು ನಕ್ಷೆ, ಅದಕ್ಕೆ ಬೇಕಾದದ್ದು ಗೂಗಲ್ ಬಿಸಿನೆಸ್ ಪ್ರೊಫೈಲ್, ಅಂದರೆ ಗೂಗಲ್ ನಕ್ಷೆಯಲ್ಲಿ ನಿಮ್ಮ ಅಂಗಡಿಯ ವಿವರ ತೋರಿಸುವ ಖಾತೆ. ಅದು ಉಚಿತ. ಅಲ್ಲಿ ಸರಿಯಾದ ವರ್ಗ, ವಿಳಾಸ, ಸಮಯ, ಫೋಟೊ ಇರಲಿ. ವಿಷಯದ ಹೊಂದಿಕೆ, ದೂರ, ಹೆಸರು-ಖ್ಯಾತಿ ಈ ಮೂರನ್ನು ನೋಡಿ ಸ್ಥಳೀಯ ಫಲಿತಾಂಶ ಜೋಡಿಸುವುದಾಗಿ ಗೂಗಲ್ ಹೇಳುತ್ತದೆ. ವ್ಯವಹಾರದ ಹೆಸರಿನ ಜಾಗದಲ್ಲಿ ಕೀವರ್ಡ್ ತುಂಬಿಸಬೇಡಿ; ಬೋರ್ಡಿನ ಮೇಲಿರುವ ನಿಜವಾದ ಹೆಸರೇ ಇರಬೇಕೆಂಬುದು ಅವರ ನಿಯಮ, ಮೀರಿದರೆ ಪ್ರೊಫೈಲ್ ಅಮಾನತಾಗಬಹುದು. ಬೋರ್ಡಿನ ಭಾಷೆಗೆ ಅಲ್ಲಿ ಮಾತ್ರ ಬೆಲೆ.

ಆರಿಸಿದ ಕೀವರ್ಡ್ ಕೆಲಸ ಮಾಡುತ್ತಿದೆಯೇ ಎಂದು ಹೇಗೆ ತಿಳಿಯುವುದು?

ಸರ್ಚ್ ಕನ್ಸೋಲ್‌ನಿಂದ. ಜನ ಯಾವ ಮಾತು ಹುಡುಕಿದಾಗ ನಿಮ್ಮ ಪುಟ ಕಾಣಿಸಿತು, ಎಷ್ಟು ಸಲ, ಎಷ್ಟು ಜನ ಒತ್ತಿದರು, ಸರಾಸರಿ ಎಷ್ಟನೆಯ ಸ್ಥಾನ ಎಂಬುದನ್ನು ಅದು ಕಳೆದ 16 ತಿಂಗಳವರೆಗೆ ತೋರಿಸುತ್ತದೆ. ತೀರಾ ಕಡಿಮೆ ಜನ ಹುಡುಕಿದ ಮಾತುಗಳನ್ನು ಖಾಸಗಿತನದ ಕಾರಣಕ್ಕೆ ಬಚ್ಚಿಡುತ್ತದೆ, ಹಾಗಾಗಿ ಮೊತ್ತ ತಾಳೆಯಾಗದಿದ್ದರೆ ಗಾಬರಿ ಬೇಡ.

ನೋಡಬೇಕಾದದ್ದು ಎರಡು ಕಡೆ. ಎಂಟರಿಂದ ಇಪ್ಪತ್ತರ ನಡುವಿನ ಸ್ಥಾನದಲ್ಲಿರುವ ಮಾತುಗಳು: ಇವುಗಳಿಗೆ ಪುಟದಲ್ಲಿ ಇನ್ನೊಂದು ಪ್ಯಾರಾ ನೇರ ಉತ್ತರ ಬರೆದರೆ ಮೇಲೇರುವ ಸಾಧ್ಯತೆ ಇದೆ. ಇನ್ನೊಂದು, ಹೆಚ್ಚು ಸಲ ಕಾಣಿಸಿಯೂ ಯಾರೂ ಒತ್ತದ ಮಾತುಗಳು: ಅಲ್ಲಿ ಶೀರ್ಷಿಕೆ ಸಪ್ಪೆಯಾಗಿದೆ ಅಥವಾ ಮಾತು ನಿಮ್ಮ ಗಿರಾಕಿಯದಲ್ಲ. ಒಂದೇ ಮಾತಿಗೆ ನಿಮ್ಮವೇ ಎರಡು ಪುಟಗಳು ಸರದಿಯಂತೆ ಕಾಣಿಸಿಕೊಳ್ಳುತ್ತಿದ್ದರೆ ಅವನ್ನು ಸೇರಿಸಿ ಒಂದು ಮಾಡಿ. ಹೊಸ ಪುಟವನ್ನು ವಾರಕ್ಕೊಮ್ಮೆ ತಿದ್ದುತ್ತಾ ಕೂರಬೇಡಿ, ಕೆಲವು ತಿಂಗಳ ಸಮಯ ಕೊಡಿ.

ಪ್ರತಿಸ್ಪರ್ಧಿ ಅಂಗಡಿಯ ಹೆಸರನ್ನೇ ಕೀವರ್ಡ್ ಮಾಡಬಹುದೇ?

ಅವರ ಹೆಸರು ಹುಡುಕಿದವರಿಗೆ ಅವರೇ ಬೇಕು. ಟ್ರೇಡ್‌ಮಾರ್ಕ್ ತಕರಾರೂ ಬರಬಹುದು. ಬೇಡ.

‘ಒಂದು ತಿಂಗಳಲ್ಲಿ ಮೊದಲ ಸ್ಥಾನ ಗ್ಯಾರಂಟಿ’ ಎಂದು ಫೋನ್ ಬರುತ್ತದೆ. ನಂಬಬಹುದೇ?

ಮೊದಲ ಸ್ಥಾನದ ಭರವಸೆ ಯಾರೂ ಕೊಡಲಾಗದು ಎಂದು ಗೂಗಲ್ ತಾನೇ ಬರೆದಿದೆ. ಆದರೂ ಫೋನ್ ಇಡುವ ಮುನ್ನ ಒಂದು ಪ್ರಶ್ನೆ ಕೇಳಿ: ಯಾವ ಮಾತಿಗೆ ಮೊದಲ ಸ್ಥಾನ? ಅವರು ಕೊಡುವ ಪಟ್ಟಿಯಲ್ಲಿ ನಿಮ್ಮದೇ ಅಂಗಡಿಯ ಪೂರ್ತಿ ಹೆಸರು ಇದ್ದೇ ಇರುತ್ತದೆ. ಆ ಹೆಸರಿನವರು ಬೇರೆ ಯಾರೂ ಇಲ್ಲದಿದ್ದರೆ ಅದಕ್ಕೆ ನೀವು ಆಗಲೇ ಮೊದಲಿಗರು. ಉಳಿದವು ಯಾರೂ ಟೈಪ್ ಮಾಡದ ಉದ್ದುದ್ದ ಮಾತುಗಳು. ಅವುಗಳಿಗೆ ಮೊದಲ ಸ್ಥಾನ ನಿಜವಾಗಿಯೂ ಸಿಗುತ್ತದೆ, ಗಿರಾಕಿ ಸಿಗುವುದಿಲ್ಲ. ಕೆಲಸವನ್ನು ಯಾರಿಗಾದರೂ ಒಪ್ಪಿಸಿದರೂ ಡೊಮೇನ್ (ವೆಬ್‌ಸೈಟಿನ ಹೆಸರು), ಸರ್ಚ್ ಕನ್ಸೋಲ್, ಬಿಸಿನೆಸ್ ಪ್ರೊಫೈಲ್ ಮೂರರ ಒಡೆತನ ನಿಮ್ಮ ಇಮೇಲ್‌ನಲ್ಲೇ ಇರಲಿ, ಅವರಿಗೆ ಬಳಕೆಯ ಅನುಮತಿ ಮಾತ್ರ ಕೊಡಿ.